ಮೂರನೆಯ ಕಂಬ

ಭಾರಿ ಲಾರಿಗಳ ಹೊಸ ಹೆದ್ದಾರಿ ಹಳೆಯ ಸೇತುವೆಯ ಮೇಲೆಯೇ ಹಾದುಹೋಗಲಿದೆ ಎಂದು ದೊಡ್ಡ ಇಂಜಿನಿಯರ್ ಹೇಳಿದಾಗ, ಮೀಟಿಂಗಿನಲ್ಲಿ ಕುಳಿತಿದ್ದವರೆಲ್ಲ ತಿರುಗಿ ಇಂಜಿನಿಯರ್ ಇಂಚುಪಟ್ಟಿಯ ಮುಖ ನೋಡಿದರು. ಸೇತುವೆ ಅವನದು. ಹತ್ತೊಂಬತ್ತು ವರ್ಷದ ಹಿಂದೆ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ನದಿಯ ದಡದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ನಿಂತು ಕಟ್ಟಿಸಿದ್ದ. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು. 'ಇಂಚುಪಟ್ಟಿ ಕಟ್ಟಿಸಿದ್ದು ಅಂದ್ಮೇಲೆ ನೂರು ವರ್ಷ ಅಲ್ಲಾಡಲ್ಲ ಬಿಡಿ' ಎಂದು ಯಾರೋ ಅಂದರು. ಅವನು ನಕ್ಕ. ನಗು ಮುಖದ ಮೇಲೆ ಹಾಗೇ ಕುಳಿತಿತ್ತು.

ಇಂಚುಪಟ್ಟಿ ಎಂಬ ಹೆಸರು ಆಫೀಸಿನವರು ಇಟ್ಟದ್ದು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕಡತ ವಾಪಸ್ಸು ಹೋಗುತ್ತಿತ್ತು. ಜವಾನ ಗೋಡೆಗೆ ಕ್ಯಾಲೆಂಡರು ತೂಗುಹಾಕಿದರೂ ದೂರ ನಿಂತು ಒಂದು ಕಣ್ಣು ಮುಚ್ಚಿ, ಓರೆಯಾಗಿದೆ ಎನ್ನುತ್ತಿದ್ದ. ಈ ಮನುಷ್ಯ ಇಷ್ಟೊಂದು ಕಟ್ಟುನಿಟ್ಟಾದದ್ದು ಯಾಕೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಅವನು ಸುಳ್ಳು ಅಳತೆ ಬರೆದಿದ್ದ. ಆಮೇಲಿನ ವರ್ಷಗಳೆಲ್ಲ ಆ ಒಂದು ಸುಳ್ಳಿಗೆ ಕಟ್ಟುತ್ತ ಬಂದ ದಂಡ.

ಸೇತುವೆಯ ಮೂರನೆಯ ಕಂಬದ ಬುಡ ನದಿಯ ತಳದಿಂದ ಹದಿನೆಂಟು ಮೀಟರ್ ಕೆಳಗಿಳಿದು ಬಂಡೆಯ ಮೇಲೆ ಕೂರಬೇಕಿತ್ತು. ಹನ್ನೊಂದು ಮೀಟರಿಗೇ ಕೊರೆಯುವ ಯಂತ್ರ ಮಣ್ಣಲ್ಲಿ ಕಚ್ಚಿಕೊಂಡು ನಿಂತಿತು. ನದಿ ದಿನಕ್ಕೊಂದು ಅಡಿ ಏರುತ್ತಿತ್ತು. ಮೇಲಿನವರು ಫೋನಿನಲ್ಲಿ ಕಿರುಚುತ್ತಿದ್ದರು, ಶನಿವಾರದೊಳಗೆ ಕಾಂಕ್ರೀಟು ಬೀಳದಿದ್ದರೆ ಈ ವರ್ಷದ ಕೆಲಸ ನೀರಿಗೆ ಬಿದ್ದಂತೆ ಎಂದು. ಇಪ್ಪತ್ತೈದರ ಹುಡುಗಾಟದ ಇಂಜಿನಿಯರು ಮಧ್ಯಾಹ್ನವೆಲ್ಲ ಲೆಕ್ಕ ಹಾಕಿದ. ಬಸ್ಸುಗಳು, ಚಿಕ್ಕ ಲಾರಿಗಳು, ಜನ, ಇಷ್ಟಕ್ಕೆ ಹನ್ನೊಂದು ಮೀಟರ್ ಸಾಕೇ ಸಾಕು. ಕಾಂಕ್ರೀಟು ಸುರಿಯಲು ಹೇಳಿದ. ಪುಸ್ತಕದಲ್ಲಿ ಹದಿನೆಂಟು ಎಂದು ಬರೆದು ಸಹಿ ಮಾಡಿದ. ಕೊರೆದವನು ಕೆಲಸ ಮುಗಿದ ಮೇಲೆ ಎತ್ತಲೋ ಹೋದ, ಮೇಲಿನವರು ತೀರಿಕೊಂಡರು. ಈಗ ಇಲ್ಲಿ ಆ ಏಳು ಮೀಟರಿನ ಗುಟ್ಟು ಗೊತ್ತಿರುವುದು ಇಬ್ಬರಿಗೆ, ಅವನಿಗೆ ಮತ್ತು ನದಿಗೆ.

ಪ್ರತಿವರ್ಷ ನೀರು ಇಳಿದ ಕೂಡಲೇ ಅವನು ಒಬ್ಬನೇ ಸೇತುವೆಯ ಕೆಳಗೆ ಹೋಗುತ್ತಿದ್ದ. ಮೂರನೆಯ ಕಂಬಕ್ಕೆ ಹೊಡೆದ ಹಿತ್ತಾಳೆಯ ಮೊಳೆಯ ಎತ್ತರವನ್ನು ಯಂತ್ರವಿಟ್ಟು ನೋಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಕುಸಿದಿತ್ತು. ಕಾಯಿಲೆಯ ಮಗುವಿನ ಜ್ವರ ನೋಡಿದ ಹಾಗೆ ನೋಡಿ, ಸದ್ಯ, ಈ ವರ್ಷ ಹೆಚ್ಚಿಲ್ಲ ಎಂದು ಉಸಿರು ಬಿಟ್ಟು ಬರುತ್ತಿದ್ದ. ಕಾರಿನಲ್ಲಿ ಸೇತುವೆ ದಾಟುವಾಗ ಅವನಿಗೆ ಗೊತ್ತಿಲ್ಲದೆಯೇ ಉಸಿರು ನಿಲ್ಲುತ್ತಿತ್ತು. 'ನಿಮ್ಮ ಸೇತುವೆ ಬಂದ್ರೆ ನೀವು ಎದೆ ಉಬ್ಬಿಸ್ಕೊಂಡು ಕೂತ್ಕೋತೀರ, ಮೂತಿ ನೋಡ್ಬೇಕು' ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವಳು ಅದನ್ನು ಹೆಮ್ಮೆ ಅಂದುಕೊಂಡಿದ್ದಳು.

ಈಗ ಬರುವುದು ಬಸ್ಸಲ್ಲ. ಒಂದೊಂದು ಐವತ್ತೈದು ಟನ್ನಿನ ಲಾರಿ, ದಿನಕ್ಕೆ ಆರುನೂರು. ಅವನು ಲೆಕ್ಕ ಹಾಕಿ ನೋಡಿದ, ಮತ್ತೆ ಹಾಕಿ ನೋಡಿದ. ಒಂದು ವರ್ಷ ತಡೆಯಬಹುದು, ಒಂದು ವಾರವೂ ಆಗಬಹುದು. ಹೋಗುವಾಗ ಮುನ್ಸೂಚನೆ ಕೊಟ್ಟು ಹೋಗುವುದಿಲ್ಲ, ಮೇಲಿದ್ದವರನ್ನೆಲ್ಲ ಸೇರಿಸಿಕೊಂಡೇ ಹೋಗುತ್ತದೆ.

ದೊಡ್ಡ ಇಂಜಿನಿಯರರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವುದೊಂದು ದಾರಿ. ಎರಡು ಸಲ ಬಾಗಿಲವರೆಗೆ ಹೋಗಿದ್ದ. ಎರಡು ಸಲವೂ ಬೇರೆ ಯಾವುದೋ ಕಡತ ಕೇಳಿಕೊಂಡು ವಾಪಸ್ಸು ಬಂದ. ಜೈಲಿಗಿಂತ ಅವನಿಗೆ ಹೆಚ್ಚು ಹೆದರಿಕೆಯಾದದ್ದು ಬೇರೆಯದಕ್ಕೆ. ನಿಜ ಗೊತ್ತಾದ ಮೇಲೆ ಇಂಚುಪಟ್ಟಿ ಎಂದು ಕರೆಯುವಾಗ ಜನ ಮೀಸೆಯಡಿ ನಗುತ್ತಾರಲ್ಲ, ಆ ನಗುವನ್ನು ಅವನು ಈಗಲೇ ಕೇಳಿಸಿಕೊಂಡಿದ್ದ. ತಾನು ಹೇಡಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಡಿಯಾಗಿದ್ದುಕೊಂಡೇ ಏನು ಮಾಡಬಹುದು ಎಂದು ಅವನು ಯೋಚಿಸತೊಡಗಿದ. ಹೆದ್ದಾರಿಯನ್ನೇ ಬೇರೆ ಕಡೆ ತಿರುಗಿಸಬಹುದು. ಜೀವಗಳೂ ಉಳಿದವು, ಹೆಸರೂ ಉಳಿಯಿತು. ಹೀಗೆ ಯೋಚಿಸಿದಾಗ ಅದು ಅಪರಾಧವೆನ್ನುವುದಕ್ಕಿಂತ ಪುಣ್ಯದ ಕೆಲಸದಂತೆಯೇ ಕಂಡಿತು.

ಹೆದ್ದಾರಿಗೆ ಎರಡು ದಾರಿ ಗುರುತಿಸಿದ್ದರು; ದೊಡ್ಡ ಇಂಜಿನಿಯರರ ಒಲವು ಹಳೆಯ ಸೇತುವೆಯ ಕಡೆಗಿದ್ದರೂ ಕಾಗದದ ಮೇಲೆ ಇನ್ನೂ ತೀರ್ಮಾನವಾಗಿರಲಿಲ್ಲ. ಮೇಲಿನ ದಾರಿ ಹಳೆಯ ಸೇತುವೆಯ ಮೇಲೆ ಹೋಗುತ್ತಿತ್ತು. ಕೆಳಗಿನ ದಾರಿ ನದಿಯ ಕೆಳಹರಿವಿನಲ್ಲಿ ಹೊಸ ಸೇತುವೆ ಕೇಳುತ್ತಿತ್ತು, ಜೊತೆಗೆ ಕೆಳಬೀದಿಯ ನಲವತ್ತೊಂದು ಮನೆಗಳನ್ನು. ಎರಡನ್ನೂ ತೂಗಿ ನೋಡಿ ವರದಿ ಬರೆಯುವ ಕೆಲಸ ಅವನಿಗೇ ಬಂದಿತ್ತು. ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗೆ ಎಂದು ಅವನಿಗೆ ಅನಿಸದಿರಲಿಲ್ಲ.

ಮೊದಲು ಅವನು ಹಾಕಿಕೊಂಡ ನಿಯಮ ಇದು: ಸೇತುವೆಯ ಬಗ್ಗೆ ಒಂದು ಕೆಟ್ಟ ಮಾತೂ ಬರಬಾರದು. ಸೇತುವೆ ದುರ್ಬಲ ಎಂದು ಸುಳಿವು ಕೊಟ್ಟರೆ ಸಾಕು, ಯಾರಾದರೂ ಹಳೆಯ ಪುಸ್ತಕ ತೆಗೆಸುತ್ತಾರೆ, ಕಂಬದ ಪಕ್ಕ ಕೊರೆದು ನೋಡುತ್ತಾರೆ. ಆದ್ದರಿಂದ ವರದಿಯ ನಲವತ್ತನೆಯ ಪುಟದಲ್ಲಿ ಅವನು ಸೇತುವೆಯನ್ನು ಹಾಡಿ ಹೊಗಳಿದ. ಗಟ್ಟಿಮುಟ್ಟಾಗಿದೆ, ಬಂಡೆಯ ಮೇಲೆ ಕುಳಿತಿದೆ, ಯಾವ ಭಾರವನ್ನೂ ತಡೆಯಬಲ್ಲದು, ಹೊಸ ಪರೀಕ್ಷೆಯ ಅಗತ್ಯ ಕಾಣುವುದಿಲ್ಲ. ಬರೆಯುವಾಗ ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಅಷ್ಟು ಸಲೀಸಾಗಿ ಬರೆದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಮೇಲಿನ ದಾರಿಯನ್ನು ಕೊಲ್ಲಬೇಕಾದದ್ದು ಸೇತುವೆಗಿಂತ ಮುಂಚೆ, ತಿರುವಿನಲ್ಲಿ. ಸೇತುವೆಗೆ ಮುನ್ನೂರು ಮೀಟರ್ ಮೊದಲು ರಸ್ತೆ ಗುಡ್ಡವನ್ನು ಬಳಸಿ ತಿರುಗುತ್ತಿತ್ತು. ಉದ್ದನೆಯ ಟ್ರೇಲರು ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಗೆ ಕೊರೆದುಕೊಂಡು ಹೋಗುತ್ತದೆ. ತಿರುವಿನ ಒಳಬದಿಯಲ್ಲಿ ಪಟ್ಟಣಕ್ಕೆ ಕುಡಿಯುವ ನೀರು ಒಯ್ಯುವ ದಪ್ಪ ಕೊಳವೆ ಭೂಮಿಯಡಿ ಮಲಗಿತ್ತು. ಅದರ ಮೇಲೆ ಭಾರಿ ಚಕ್ರ ಹತ್ತುವಂತಿಲ್ಲ. ರಸ್ತೆಯ ಅಂಚಿನಿಂದ ಕೊಳವೆ ನಾಲ್ಕೂವರೆ ಮೀಟರ್ ದೂರವಿತ್ತು. ರಸ್ತೆಯನ್ನು ಇನ್ನೂ ಎರಡು ಮೀಟರ್ ಅಗಲ ಮಾಡಿದರೆ ಟ್ರೇಲರು ಸಲೀಸಾಗಿ ಹೋಗುತ್ತಿತ್ತು. ಕೊಳವೆ ರಸ್ತೆಯ ಅಂಚಿಗೆ ಒಂದೂವರೆ ಮೀಟರಿನಲ್ಲೇ ಇದ್ದಿದ್ದರೆ ಹೋಗುತ್ತಿರಲಿಲ್ಲ.

ಕೊಳವೆ ಎಲ್ಲಿದೆ ಎಂದು ಹೇಳುವುದಕ್ಕೆ ನೆಲದ ಮೇಲಿದ್ದದ್ದು ಏಳು ಗುರುತುಕಲ್ಲು. ಮೊಣಕಾಲೆತ್ತರದ, ನೀಲಿ ಬಣ್ಣ ಬಳಿದ ಕಲ್ಲುಗಳು. ನೀರಿನ ಇಲಾಖೆಯ ನಕ್ಷೆ ಇಲಿ ತಿಂದು ಅರ್ಧ ಉಳಿದಿತ್ತು, ಉಳಿದ ಅರ್ಧದಲ್ಲಿ ಈ ತಿರುವಿರಲಿಲ್ಲ.

ಅವನು ಕಲ್ಲುಗಳನ್ನು ಸರಿಸಿದ್ದು ರಜೆಯ ದಿನ, ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರು. ಕಿತ್ತಳೆ ಬಣ್ಣದ ಕೋಟು ತೊಟ್ಟು ಕೈಯಲ್ಲಿ ಟೇಪು ಹಿಡಿದವನನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಈ ಕಸುಬಿನವರೆಲ್ಲರಿಗೂ ಗೊತ್ತಿರುವ ಸಂಗತಿ. ಹಾರೆಯಿಂದ ಒಂದೊಂದೇ ಎಬ್ಬಿಸಿ, ಮೂರು ಮೀಟರ್ ರಸ್ತೆಯ ಕಡೆ ತಂದು, ಹೊಸ ಗುಂಡಿಯಲ್ಲಿ ನಿಲ್ಲಿಸಿ, ಹಳೆಯ ಗುಂಡಿಗೆ ಹುಲ್ಲುಸಮೇತ ಮಣ್ಣು ಮುಚ್ಚಿದ. ಐದನೆಯ ಕಲ್ಲಿನ ಹೊತ್ತಿಗೆ ಅಂಗಿಯೆಲ್ಲ ಒದ್ದೆಯಾಗಿ, ಕೋಟಿನ ಜೇಬು ಹರಿದು ನೇತಾಡುತ್ತಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನು ನಿಂತು, 'ಒಬ್ರೇ ಮಾಡ್ತಿದೀರಲ್ಲ ಸಾರ್, ರಜಾ ದಿನಾನೂ ಬಿಡಲ್ವಾ ನಿಮ್ಮನ್ನ' ಎಂದು ಮರುಗಿ, ಕೊನೆಯ ಎರಡು ಕಲ್ಲಿಗೆ ಕೈ ಕೊಟ್ಟ. ಅಪರಾಧಕ್ಕೆ ಹೀಗೆ ಪುಕ್ಕಟೆ ಸಹಾಯವೂ ಸಿಕ್ಕಿತು. ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ.

ಮರುವಾರ ಅವನೇ ನೀರಿನ ಇಲಾಖೆಗೆ ಪತ್ರ ಬರೆದ: ದಯವಿಟ್ಟು ಸ್ಥಳಕ್ಕೆ ಬಂದು ನಿಮ್ಮ ಕಲ್ಲುಗಳನ್ನು ಖಚಿತಪಡಿಸಿ. ಬಂದ ಲೈನ್‌ಮನ್ ಬೆರಳು ಮಡಿಸುತ್ತ ಎಣಿಸಿದ. ಏಳು ಇರಬೇಕು, ಏಳಿದ್ದವು. ಸಹಿ ಹಾಕಿ, ನೆರಳಲ್ಲಿ ಕೂತು ಒಂದು ಬೀಡಿ ಸೇದಿ ಹೋದ. ಕಲ್ಲನ್ನು ಎಣಿಸುವುದು ಅವನ ಕೆಲಸ, ಅಳೆಯುವುದಲ್ಲ. ಇದನ್ನೂ ಇಂಚುಪಟ್ಟಿ ಮೊದಲೇ ಲೆಕ್ಕ ಹಾಕಿದ್ದ.

ಲೆಕ್ಕದಲ್ಲಿ ಇಲ್ಲದಿದ್ದದ್ದು ದೊಡ್ಡ ಇಂಜಿನಿಯರರ ಹುಮ್ಮಸ್ಸು. 'ಕಾಗದದ ಮೇಲೆ ತಿರುಗಲ್ಲ ಅಂದ್ರೆ ನಂಬಲ್ಲ ನಾನು. ನಿಜವಾದ ಟ್ರೇಲರ್ ತರಿಸಿ, ನೋಡೇಬಿಡೋಣ' ಎಂದರು. ತರಿಸಿದರು. ಇಪ್ಪತ್ತೆರಡು ಚಕ್ರದ ಖಾಲಿ ಟ್ರೇಲರು, ಅದರ ಡ್ರೈವರು ಆ ಸುತ್ತಿನ ಲಾರಿಯವರೆಲ್ಲ ಹೆಬ್ಬಾವು ಎಂದು ಕರೆಯುವ ಆಸಾಮಿ. ಎಂಥ ಮೂಲೆಯನ್ನಾದರೂ ಸುತ್ತಿಕೊಂಡು ಹೋಗುತ್ತಾನೆ ಎಂಬ ಹೆಸರು. ನೀಲಿ ಕಲ್ಲುಗಳ ಸಾಲಿಗೆ ಇಂಚುಪಟ್ಟಿ ರಬ್ಬರಿನ ಕೋನುಗಳನ್ನು ನಿಲ್ಲಿಸಿದ. ಹೆಬ್ಬಾವು ಮೂರು ಸಲ ತಿರುಗಿಸಿದ, ಮೂರು ಸಲವೂ ಹಿಂದಿನ ಚಕ್ರ ಕೋನು ಬೀಳಿಸಿತು.

ಡ್ರೈವರು ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. 'ಸಾರ್, ಈ ತಿರುವಲ್ಲಿ ನಾನು ಕಣ್ ಮುಚ್ಕೊಂಡ್ ಹೋಗ್ತೀನಿ. ನಿಮ್ ಕೋನು ಯಾಕೆ ರಸ್ತೆ ಒಳಗೇ ಬಂದು ಕೂತಿದಾವೆ?'

'ಕೆಳಗೆ ನೀರಿನ ಪೈಪಿದೆ. ಅದರ ಮೇಲೆ ಹತ್ತೋ ಹಾಗಿಲ್ಲ.'

'ಪೈಪು ಆಚೆ ಇತ್ತಲ್ಲ ಸಾರ್?'

ಇಂಚುಪಟ್ಟಿ ಬಗ್ಗಿ, ಬಿದ್ದ ಕೋನೊಂದನ್ನು ಎತ್ತಿ ನಿಲ್ಲಿಸಿದ. 'ಕಲ್ಲು ಎಲ್ಲಿದೆಯೋ ಪೈಪು ಅಲ್ಲೇ ಇರತ್ತಪ್ಪ' ಎಂದ.

ಹೆಬ್ಬಾವು ಕಲ್ಲುಗಳನ್ನೇ ಸ್ವಲ್ಪ ಹೊತ್ತು ನೋಡಿದ. 'ಮೂವತ್ತು ವರ್ಷದಲ್ಲಿ ನನ್ನ ಗಾಡಿ ಒಂದು ಕೋಳಿಗೂ ತಾಗಿಲ್ಲ' ಎಂದ, ತನಗೇ ಹೇಳಿಕೊಳ್ಳುವವನಂತೆ. ಕೊಡೆಯ ಕೆಳಗೆ ನಿಂತಿದ್ದ ದೊಡ್ಡವರು ನಕ್ಕು, ವಯಸ್ಸಾಯ್ತು ನಿನಗೆ ಎಂದರು. ಡ್ರೈವರನ ಮುಖ ಸಣ್ಣಗಾಯಿತು. 'ಸರಿ, ಸೇತುವೆ ದಾಟಿ ಆಕಡೆ ತಿರುಗಿಸ್ಕೊಂಡ್ ಬರ್ತೀನಿ' ಎಂದು ಹತ್ತಹೊರಟವನನ್ನು ಇಂಚುಪಟ್ಟಿ ಓಡಿಹೋಗಿ ತಡೆದ. ಬೇಡ, ಹಿಂದಕ್ಕೇ ತಗೋ ಎಂದ. ಪಾಪ, ಎರಡು ಕಿಲೋಮೀಟರ್ ಆ ರೈಲಿನಂಥ ಗಾಡಿಯನ್ನು ಹಿಮ್ಮುಖವಾಗಿಯೇ ಒಯ್ದ ಹೆಬ್ಬಾವು. ಎಲ್ಲೂ ಏನೂ ತಾಗಲಿಲ್ಲ. ಒಬ್ಬ ಕಸುಬುದಾರನ ಹೆಸರಿಗೆ ಮಸಿ ಬಳಿದು ತನ್ನ ಹೆಸರು ಬೆಳಗಿಸಿಕೊಂಡೆ ಎಂದು ಇಂಚುಪಟ್ಟಿಗೆ ಆ ದಿನವಿಡೀ ಅನಿಸುತ್ತಲೇ ಇತ್ತು.

ಕೆಳಬೀದಿಗೆ ಅಳತೆಗೆ ಹೋದದ್ದು ಅದಕ್ಕಿಂತ ಕಷ್ಟವಾಯಿತು. ನಲವತ್ತೊಂದು ಮನೆ ಎಂಬುದು ವರದಿಯಲ್ಲಿ ಒಂದು ಸಾಲು. ಬೀದಿಯಲ್ಲಿ ಅದು ಬಾಗಿಲುಗಳು, ಒಣಗಲು ಹಾಕಿದ ಬಟ್ಟೆ, ಮೆಟ್ಟಿಲ ಮೇಲೆ ಪಾಠ ಒಪ್ಪಿಸುವ ಮಕ್ಕಳು. ಹದಿನೇಳನೆಯ ಮನೆಯಲ್ಲಿ ಒಬ್ಬಳು ಟೈಲರಮ್ಮ ಒಬ್ಬಳೇ ಇದ್ದಳು, ಕೊರಳಲ್ಲಿ ಟೇಪು ಹಾಕಿಕೊಂಡು. ಅವನ ಟೇಪು ನೋಡಿ, 'ಬನ್ನಿ ಬನ್ನಿ, ನಾನೂ ಅಳತೆಯವಳೇ' ಎಂದು ಕುರ್ಚಿ ಎಳೆದಳು. ಅವನು ಕೋಣೆಯ ಉದ್ದ ಬರೆದುಕೊಳ್ಳುವಷ್ಟರಲ್ಲಿ ಅವನ ಕೋಟು ಬಿಚ್ಚಿಸಿ ಹರಿದ ಜೇಬಿಗೆ ಹೊಲಿಗೆ ಹಾಕತೊಡಗಿದಳು.

'ಹೆಂಗೆ ಹರ್ಕೊಂಡ್ರಿ ಇಷ್ಟ್ ಗಟ್ಟಿ ಬಟ್ಟೇನ?'

'ಕೆಲಸದಲ್ಲಿ.'

'ನಮ್ಮನೆ ಮೇಲೆ ಬರತ್ತಾ ಸಾರ್ ರಸ್ತೆ?'

'ಇನ್ನೂ ಏನೂ ತೀರ್ಮಾನ ಆಗಿಲ್ಲಮ್ಮ.'

ತೀರ್ಮಾನ ಆಗಿತ್ತು. ತೀರ್ಮಾನ ಮಾಡಿದವನು ಅವಳ ಕುರ್ಚಿಯ ಮೇಲೆಯೇ ಕುಳಿತಿದ್ದ. ಅವಳು ದಾರ ಕಚ್ಚಿ ತುಂಡರಿಸಿ, ಹೊಲಿಗೆ ನೋಡಿ, ತಲೆಯಾಡಿಸಿ, ಮತ್ತೆ ಬಿಚ್ಚಿದಳು. 'ಸೊಟ್ಟ ಆಯ್ತು. ಯಾರಿಗೂ ಕಾಣಲ್ಲ, ಆದ್ರೂ ನಂಗೆ ಗೊತ್ತಿರತ್ತಲ್ಲ, ನಿದ್ದೆ ಬರಲ್ಲ' ಎಂದಳು. ಅವನಿಗೆ ಆ ಕ್ಷಣ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡಬೇಕು ಎನಿಸಿತು, ದೊಡ್ಡವರಿಗಲ್ಲ, ಇವಳಿಗೆ. ಬಾಯಿ ತೆರೆದೂ ತೆರೆದ. ಬಂದ ಮಾತು ಮಾತ್ರ, ಅಗಲ ಹತ್ತಡಿ ಅಲ್ವಾ ಎಂಬುದು. ಹತ್ತೂಕಾಲು ಎಂದಳು ಅವಳು.

ಸಮಿತಿಯಲ್ಲಿ ವರದಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭವಾಗಿ ಪಾಸಾಯಿತು. ಮೇಲಿನ ದಾರಿಗೆ ತಿರುವು ಅಡ್ಡ, ತಿರುವಿಗೆ ಕೊಳವೆ ಅಡ್ಡ, ಕೊಳವೆಗೆ ಲೈನ್‌ಮನ್ನನ ಸಹಿ. 'ಸೇತುವೆ ಅಷ್ಟ್ ಚೆನ್ನಾಗಿದ್ದೂ ಉಪಯೋಗಕ್ಕೆ ಬರಲಿಲ್ಲವಲ್ಲ, ನಿಮಗೆ ಬೇಜಾರಾಗಿರಬೇಕು' ಎಂದು ದೊಡ್ಡವರು ಅವನ ಭುಜ ಹಿಡಿದು ಸಮಾಧಾನ ಮಾಡಿದರು. ಸ್ವಂತ ಸೇತುವೆಗೂ ಪಕ್ಷಪಾತ ಮಾಡದ ಪ್ರಾಮಾಣಿಕ ಎಂದು ಆಫೀಸಿನ ತುಂಬ ಮಾತಾಯಿತು. ಹೆಂಡತಿ ಅದನ್ನು ತನ್ನ ಅಕ್ಕನಿಗೆ ಫೋನಿನಲ್ಲಿ ಎರಡು ಸಲ ಹೇಳಿದಳು. ಅವನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ.

ತೂತು ಎಲ್ಲಿಯಾದರೂ ಉಳಿದಿದೆಯೇ ಎಂದು ಅವನು ತಿಂಗಳುಗಟ್ಟಲೆ ಹುಡುಕಿದ. ಕಲ್ಲುಗಳನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಆ ತಿರುವು ಈಗ ಯಾರಿಗೂ ಬೇಡದ ತಿರುವು. ಹೆಬ್ಬಾವಿನ ಮಾತನ್ನು ಕೇಳುವವರಿಲ್ಲ. ಮೂರು ವರ್ಷದಲ್ಲಿ ಹೊಸ ಸೇತುವೆ ಎದ್ದು ನಿಂತರೆ ಭಾರವೆಲ್ಲ ಅದರ ಹೆಗಲಿಗೆ. ಆರುನೂರು ಲಾರಿಗಳು ಹಳೆಯ ಸೇತುವೆಯ ಹತ್ತಿರವೂ ಸುಳಿಯುವುದಿಲ್ಲ. ಅವನು ನಿವೃತ್ತನಾಗುವವರೆಗೆ ಅದು ಬಸ್ಸು, ಸೈಕಲ್ಲು ಹೊತ್ತುಕೊಂಡು ತೆಪ್ಪಗೆ ನಿಂತಿರುತ್ತದೆ. ಕೆಳಬೀದಿ ಕೆಡವುವ ದಿನ ಅವನು ರಜೆ ಹಾಕಿದ. ಮನೆಯಲ್ಲಿ ಕುಳಿತು ಹದಿನೇಳನೆಯ ಮನೆಯ ಗೋಡೆ ಬೀಳಲು ಎಷ್ಟು ಹೊತ್ತು ಹಿಡಿಯಬಹುದು ಎಂದು ಯೋಚಿಸಿದ. ಸೇತುವೆ ಬಿದ್ದು ಜನ ಸಾಯುವುದಕ್ಕಿಂತ ಇದು ವಾಸಿ ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು, ಆದರೆ ಅದರಿಂದ ಏನೂ ಹಗುರಾಗಲಿಲ್ಲ.

ಹೊಸ ರಸ್ತೆಯ ಕೆಲಸ ಶುರುವಾದ ಎರಡನೆಯ ದಿನ ಹನ್ನೊಂದು ಗಂಟೆಗೆ ಗುತ್ತಿಗೆದಾರರ ಮ್ಯಾನೇಜರು ಒಂದು ಹಾಳೆ ಹಿಡಿದು ಅವನ ಕೋಣೆಗೆ ಬಂದ. ಮಾತಿನಲ್ಲಿ ಬಹಳ ಮರ್ಯಾದೆಯಿತ್ತು. 'ನಿಮ್ದೊಂದು ಸಹಿ ಬಾಕಿ ಇತ್ತು ಸಾರ್, ಸುಮ್ನೆ ಫೈಲಿಗೆ. ಸಾಮಾನು ಸಾಗಿಸೋ ದಾರಿದು' ಎಂದ. ಹೊಸ ರಸ್ತೆಗೆ, ಹೊಸ ಸೇತುವೆಗೆ ಬೇಕಾದ ಕಲ್ಲಿನ ಗಣಿ ನದಿಯ ಆಚೆ ದಡದಲ್ಲಿತ್ತು, ಕೆಲಸ ನಡೆಯುವುದು ಈಚೆ ದಡದಲ್ಲಿ. ನಡುವೆ ಇದ್ದದ್ದು ಒಂದೇ ಸೇತುವೆ. ಗಣಿಯ ಲಾರಿ ಗಿಡ್ಡ, ಎಂಥ ತಿರುವನ್ನಾದರೂ ಸುಲಭವಾಗಿ ತಿರುಗುತ್ತದೆ. ತೂಕ ಮಾತ್ರ ಐವತ್ತೈದು ಟನ್ನಿಗೂ ಒಂದು ಕೈ ಮೇಲು. ದಿನಕ್ಕೆ ನಾಲ್ಕುನೂರು ಲೋಡು, ಮೂರು ವರ್ಷ. ರಸ್ತೆ ಮುಗಿದ ಮೇಲೆ ಓಡುವ ಲಾರಿಗಳನ್ನೆಲ್ಲ ಎಣಿಸಿದ್ದ ಇಂಚುಪಟ್ಟಿ, ರಸ್ತೆ ಕಟ್ಟಲು ಬರುವ ಲಾರಿಗಳನ್ನು ಎಣಿಸಿಯೇ ಇರಲಿಲ್ಲ. ಸೇತುವೆಯನ್ನೊಮ್ಮೆ ಪರೀಕ್ಷೆ ಮಾಡಿಸಬೇಕಲ್ಲ ಎಂದ, ತನ್ನ ದನಿಯೇ ತನಗೆ ಗುರುತು ಸಿಗದ ಹಾಗೆ. 'ದೊಡ್ಡವರು ಬೇಡ ಅಂದ್ರು ಸಾರ್. ನಲವತ್ತನೇ ಪುಟದಲ್ಲಿ ನೀವೇ ಬರ್ದಿದೀರಲ್ಲ, ಅದೇ ಸಾಕು ಅಂದ್ರು. ನಿನ್ನೆ ಬೆಳಿಗ್ಗೆಯಿಂದಾನೇ ಬಿಟ್ಟಿದೀವಿ, ಈಗ್ಲೂ ಇಪ್ಪತ್ತು ಲಾರಿ ಲೋಡಾಗಿ ಸಾಲಾಗಿ ಹೊರಟಿದಾವೆ' ಎಂದ ಮ್ಯಾನೇಜರು. ಮೇಜಿನ ಮೇಲೆ ಫೋನಿತ್ತು. ಎತ್ತಿ ಒಂದು ಮಾತು ಹೇಳಿದರೆ ಲಾರಿಗಳು ನಿಲ್ಲುತ್ತಿದ್ದವು, ಮತ್ತು ಆ ಒಂದು ಮಾತನ್ನು ಹೇಳಬಾರದೆಂದೇ ಅವನು ನಲವತ್ತೊಂದು ಮನೆ ಕೆಡವಿಸಿದ್ದ. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ.